ಭಾವಚಿತ್ರದಲ್ಲಿ ಜಾತಿಯೂ ವ್ಯಕ್ತಿಯೂ

೧

ಮನುಷ್ಯನ ಮುಖವನ್ನು ತೋರಿಸುವ ಛಾಯಾಚಿತ್ರಕ್ಕೆ ಕನ್ನಡಿಗರು ‘ಭಾವಚಿತ್ರ’ವೆಂಬ ಹೆಸರನ್ನು ರೂಢಿಗೆ ತಂದಿದ್ದಾರೆ. ಈ ಹೆಸರು ವಿಚಾರಾರ್ಹವಾದುದು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಗಳನ್ನು ವಿಂಗಡಿಸುವಾಗ, ಕನ್ನಡಿಯೊಳಗಣ ಪ್ರತಿಬಿಂಬದಂತೆ ಸಾದೃಶ್ಯವನ್ನು ತೋರುವುದಕ್ಕೆ ‘ವಿದ್ಧಚಿತ್ರ’ವೆಂದೂ, ಕಂಡ ಮಾತ್ರಕ್ಕೆ ಶೃಂಗಾರಾದಿ ರಸಗಳು ಮನಸ್ಸಿಗೆ ತಿಳಿಯುವಂತೆ ಇರುವುದಕ್ಕೆ ‘ಭಾವಚಿತ್ರ’ವೆಂದೂ ಬೇರೆ ಬೇರೆ ಹೆಸರುಗಳನ್ನು ಕೊಟ್ಟಿದ್ದಾನೆ. ಆ ಗಣನೆಯಂತೆ ನೋಡಿದರೆ ಛಾಯಾಯಂತ್ರವು ತನ್ನಷ್ಟಕ್ಕೆ ತಾನು ಕೊಡಬಲ್ಲುದು ವಿದ್ಧಚಿತ್ರವನ್ನು ಮಾತ್ರ. ಅದನ್ನು ನಾವು ಭಾವಚಿತ್ರವೆಂದು ಕರೆಯುವಾಗ, ಯಂತ್ರವು ಒಂಟಿಯಾಗಿ ಕೊಡಲಾರದ ಏನನ್ನೋ ಅದರಲ್ಲಿ ಅಪೇಕ್ಷಿಸುತ್ತೇವೆ.

ಆ ಅಪೇಕ್ಷೆ ಯಾವಾಗ ನೆರವೇರುತ್ತದೆ, ಯಾವಾಗ ಕೆಡುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ. ‘ಮುಖ ನೋಡಿ ಮಣೆ ಹಾಕು’ವುದೆಂಬ ಮಾತು ನಮ್ಮಲ್ಲಿ ಹಳೆಯದು. ಮನೆಗೆ ಬಂದವನ ಯೋಗ್ಯತೆಯನ್ನು ವಿಚಾರಿಸದೆ, ಮೋರೆಯನ್ನು ಕಂಡೊಡನೆ ಅವನು ಎಲ್ಲಿ ಕೂಡಬೇಕೆಂಬುದನ್ನು ನಿಶ್ಚಯಿಸಿಬಿಡುವ ಈ ಅಭ್ಯಾಸಕ್ಕೆ ಪೂರ್ವಗ್ರಹವೆಂದು ಹೆಸರು. ಛಾಯಾಚಿತ್ರವು ಮುಖವನ್ನೇ ಮುಂದಿಡುವ ಕಲೆಯಾದುದರಿಂದ ಈ ಅಭ್ಯಾಸಕ್ಕೆ ಅದು ಬಹಳ ಸುಲಭವಾಗಿ ಒದಗುತ್ತದೆ. ಮನಸ್ಸು ಮಾಡಿದರೆ ಈ ಅಭ್ಯಾಸವನ್ನು ತಡೆದು ನಿಲ್ಲಿಸುವ ಶಕ್ತಿಯೂ ಅದಕ್ಕುಂಟು. ಈ ಎರಡು ದಾರಿಗಳು ಎಲ್ಲಿ ಕವಲೊಡೆಯುತ್ತವೆಂಬುದನ್ನು ದಕ್ಷಿಣಕನ್ನಡದ ಬೆಳ್ಳಾರೆಯ ಸೀಮೆಯಿಂದ ಮೊದಲುಗೊಂಡು ಬೆಂಗಳೂರಿನವರೆಗಿನ ಕೆಲವು ನಿದರ್ಶನಗಳಿಂದ ಪರಿಶೀಲಿಸೋಣ.

೨

ಮೊದಲು ನಮ್ಮ ಅಲಂಕಾರಶಾಸ್ತ್ರದ ಒಂದು ವಿಭಾಗವನ್ನು ಜ್ಞಾಪಿಸಿಕೊಳ್ಳುವುದು ಉಪಯುಕ್ತ. ವಸ್ತುವು ಇದ್ದಂತೆ ಅದನ್ನು ವರ್ಣಿಸುವುದಕ್ಕೆ ಸ್ವಭಾವೋಕ್ತಿಯೆಂದು ಹೆಸರಷ್ಟೆ. ದಂಡಿಯು ‘ಕಾವ್ಯಾದರ್ಶ’ದಲ್ಲಿ ಇದಕ್ಕೆ ‘ಜಾತಿ’ಯೆಂಬ ಇನ್ನೊಂದು ಹೆಸರನ್ನೂ ಕೊಟ್ಟು, ಜಾತಿ, ಕ್ರಿಯೆ, ಗುಣ, ದ್ರವ್ಯ ಎಂಬ ನಾಲ್ಕು ಬಗೆಗಳನ್ನು ಉದಾಹರಿಸಿದ್ದಾನೆ. ಜಾತಿಗೆ ಅವನ ಉದಾಹರಣೆ ಗಿಳಿಗಳು: ಕೆಂಪಾದ ಬಾಗಿದ ಕೊಕ್ಕು, ಹಸುರಾದ ಕೋಮಲವಾದ ರೆಕ್ಕೆ, ಕೊರಳಿನ ಸುತ್ತ ಬಣ್ಣದ ಗೆರೆ. ಇಲ್ಲಿ ಯಾವ ಗಿಳಿ ಎಂಬ ಪ್ರಶ್ನೆ ಏಳುವುದೇ ಇಲ್ಲ; ಒಂದನ್ನು ಹೇಳಿದರೆ ಎಲ್ಲವನ್ನೂ ಹೇಳಿದಂತೆ. ದ್ರವ್ಯಕ್ಕೆ ಅವನ ಉದಾಹರಣೆ ಶಿವನು: ಕೊರಳಿನ ಕಪ್ಪು, ಕೈಯ ಕಪಾಲ, ತಲೆಯ ಚಂದ್ರ, ಜಟೆ. ಇಲ್ಲಿ ಹೇಳಿದ ಲಕ್ಷಣಗಳು ಒಬ್ಬನಿಗೆ ಮಾತ್ರ ಸಲ್ಲುತ್ತವೆ. ಅವನ ಬದಲು ಇನ್ನೊಬ್ಬನನ್ನು ತಂದು ನಿಲ್ಲಿಸಲಾಗದು. ಇಂಥ ವರ್ಣನೆಗೆ ಶಾಸ್ತ್ರಗಳಲ್ಲಿ ಪೂರ್ಣವಾದ ಆಧಿಪತ್ಯವುಂಟೆಂದೂ, ಕಾವ್ಯದಲ್ಲಿಯೂ ಅದು ಇಷ್ಟವಾದುದೇ ಎಂದೂ ದಂಡಿಯು ಹೇಳುತ್ತಾನೆ.

ಈ ವಿಂಗಡಣೆಯನ್ನು ಛಾಯಾಚಿತ್ರಕ್ಕೆ ಅನ್ವಯಿಸಿದರೆ ನಮ್ಮ ಪ್ರಶ್ನೆಯು ತಿಳಿಯಾಗುತ್ತದೆ. ಒಬ್ಬ ಮನುಷ್ಯನ ಚಿತ್ರವನ್ನು ಗಿಳಿಯ ರೀತಿಯಲ್ಲಿ ತೆಗೆಯಬಹುದು. ಆಗ ಅವನು ಒಂದು ಗುಂಪಿನ ಮಾದರಿ. ದ್ರವ್ಯದ ರೀತಿಯಲ್ಲಿಯೂ ತೆಗೆಯಬಹುದು. ಆಗ ಅವನು ಅವನೇ. ಪಕ್ಷಿಶಾಸ್ತ್ರದಲ್ಲಿ ಗಿಳಿಯನ್ನು ಮಾದರಿಯಾಗಿ ಕಾಣುವುದರಿಂದ ಗಿಳಿಗೆ ನಷ್ಟವಿಲ್ಲ. ಮನುಷ್ಯನನ್ನು ಹಾಗೆ ಕಂಡಾಗಲಾದರೋ, ಆ ಗುಂಪಿನ ಮೇಲೆ ಲೋಕವು ಮೊದಲೇ ಹೊರಿಸಿಟ್ಟ ಅಪವಾದಗಳೆಲ್ಲ ಆ ಒಬ್ಬನ ಮೋರೆಯ ಮೇಲೆ ಬಂದು ಕೂಡುತ್ತವೆ. ಜಾತಿಯಲ್ಲಿಯೇ ನಿಂತುಬಿಟ್ಟ ಸ್ವಭಾವೋಕ್ತಿಯೇ ಪೂರ್ವಗ್ರಹ. ಜಾತಿಯನ್ನು ದಾಟಿ ದ್ರವ್ಯವನ್ನು ಮುಟ್ಟುವ ಪ್ರಯತ್ನವೇ ನಿಜವಾದ ಭಾವಚಿತ್ರ. ಇದೇ ಈ ಲೇಖನದ ಪ್ರತಿಜ್ಞೆ.

೩

ಬೆಳ್ಳಾರೆಯು ಈಗ ಸುಳ್ಯ ತಾಲ್ಲೂಕಿಗೆ ಸೇರಿದ ಊರು. ೧೮೩೪ರಲ್ಲಿ ಕೊಡಗಿನ ರಾಜ್ಯವು ಕಂಪೆನಿಯ ವಶವಾಗುವವರೆಗೆ ಅಮರಸುಳ್ಯ ಪುತ್ತೂರುಗಳ ಸೀಮೆಯು ಕೊಡಗಿನ ಅರಸರ ಆಳಿಕೆಯಲ್ಲಿದ್ದು, ಅನಂತರ ಕೆನರಾ ಜಿಲ್ಲೆಗೆ ಸೇರಿತು. ೧೮೩೭ರಲ್ಲಿ ಈ ಸೀಮೆಯ ಜನರು ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರನ್ನು ಮುಂದಿಟ್ಟುಕೊಂಡು, ಕಂಪೆನಿ ಸರಕಾರದ ಮೇಲೆ ದಂಗೆಯೆದ್ದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಈ ಪ್ರಸಂಗಕ್ಕೆ ಜನರ ಬಾಯಲ್ಲಿ ಬಹುಕಾಲ ನಿಂತ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’, ಎಂದರೆ ಸುಲಿಗೆ. ಇಂದು ಅದನ್ನೇ ಅಮರಸುಳ್ಯದ ರೈತರ ದಂಗೆಯೆಂದೂ ಸ್ವಾತಂತ್ರ್ಯದ ಹೋರಾಟವೆಂದೂ ಕರೆಯುತ್ತಾರೆ. ನಡೆದ ಸಂಗತಿಯು ಒಂದೇ; ಕೆಳಗೆ ಬರೆದ ಹೆಸರು ಬೇರೆಯಾದೊಡನೆ ಅದರಲ್ಲಿ ಪಾಲುಗೊಂಡವರು ಕಳ್ಳರ ಸಾಲಿನಿಂದ ವೀರರ ಸಾಲಿಗೆ ಬಂದರು. ೨೦೨೨ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಡಾಗೇರನ ಛಾಯಾಗ್ರಹಣ ವಿಧಾನವು ಲೋಕಕ್ಕೆ ಪ್ರಕಟವಾದುದು ೧೮೩೯ರಲ್ಲಿ, ದಂಗೆಯಾದ ಎರಡು ವರ್ಷಗಳ ಮೇಲೆ. ಆದುದರಿಂದ ಪ್ರತಿಮೆಯ ಮುಖವು ಶಿಲ್ಪಿಯ ಕಲ್ಪನೆಯಿಂದಲೇ ಮೂಡಬೇಕಾಯಿತು.

ಈ ಪ್ರಸಂಗದಿಂದ ನಮಗೆ ಒಂದು ಸೂತ್ರವು ದೊರೆಯುತ್ತದೆ. ಮುಖವು ತಾನಾಗಿ ಏನನ್ನೂ ಹೇಳದು. ಅದರ ಅಡಿಬರಹವು ಹೇಳಿಸುತ್ತದೆ. ಛಾಯಾಯಂತ್ರವು ಭಾರತಕ್ಕೆ ಬಂದ ಮೇಲೆ ಅಡಿಬರಹವನ್ನು ಬರೆಯುವ ಅಧಿಕಾರವು ಯಾರ ಕೈಯಲ್ಲಿತ್ತೆಂಬುದನ್ನು ನೋಡಿದರೆ ಈ ಸೂತ್ರದ ಮಹತ್ವವು ವಿಶದವಾಗುತ್ತದೆ.

೧೮೬೮ರಿಂದ ೧೮೭೫ರವರೆಗೆ ಲಂಡನ್ನಿನಲ್ಲಿ ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಎಂಬವರ ಸಂಪಾದಕತ್ವದಲ್ಲಿ ‘ಭಾರತದ ಜನರು’ ಎಂಬರ್ಥದ ಹೆಸರಿನ ಎಂಟು ಸಂಪುಟಗಳು ಹೊರಬಂದುವು. ನಾನೂರಕ್ಕೂ ಹೆಚ್ಚು ಛಾಯಾಚಿತ್ರಗಳನ್ನೊಳಗೊಂಡ ಈ ಗ್ರಂಥದಲ್ಲಿ ಪ್ರತಿ ಚಿತ್ರಕ್ಕೂ ಒಂದು ಕುಲದ ಹೆಸರೂ, ಆ ಕುಲದ ಶೀಲವನ್ನು ಕುರಿತ ವಿವರಣೆಯೂ ಉಂಟು. ನಿಷ್ಠೆಯುಳ್ಳವರು, ಕಪಟಿಗಳು, ಕಳ್ಳತನದ ಸ್ವಭಾವದವರು ಎಂಬಂಥ ತೀರ್ಮಾನಗಳು ಅಲ್ಲಿ ದಂಡಿಯ ಗಿಳಿಯ ಕೊಕ್ಕಿನ ಬಣ್ಣದಂತೆ ನಿಸ್ಸಂದೇಹವಾಗಿ ಬರುತ್ತವೆ. ೧೮೫೭ರ ದಂಗೆಯ ಅನಂತರ ಆಳುವವರಿಗೆ ಯಾರನ್ನು ನಂಬಬೇಕೆಂಬ ಚಿಂತೆಯು ಬಲವಾಗಿದ್ದುದು ಈ ಬರವಣಿಗೆಯ ಹಿನ್ನೆಲೆ.

ಈ ಗ್ರಂಥವನ್ನು ೧೮೬೯ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಸರ್ ಸೈಯದ್ ಅಹಮದ್ ಖಾನರು ಕಂಡು ಬಹಳ ನೊಂದುಕೊಂಡರು. ಅವರ ಮಗನು ಪುಟಗಳನ್ನು ತಿರುವುತ್ತಿದ್ದಾಗ ಆಂಗ್ಲ ತರುಣನೊಬ್ಬನು ಬಂದು, ನೀನು ಹಿಂದೂಸ್ಥಾನಿಯೇ ಎಂದು ಕೇಳಿದನಂತೆ. ಹುಡುಗನು ನಾಚಿ ಕೆಂಪಾಗಿ, ಅಹುದೆಂದು ಒಪ್ಪಿಕೊಂಡು, ಒಡನೆಯೇ ತಾನು ಅಲ್ಲಿಯ ಮೂಲನಿವಾಸಿಗಳವನಲ್ಲವೆಂದೂ ತನ್ನ ಪೂರ್ವಿಕರು ಬೇರೆ ದೇಶದಿಂದ ಬಂದವರೆಂದೂ ಸೇರಿಸಿದನಂತೆ. ಈ ಸಣ್ಣ ಘಟನೆಯಲ್ಲಿ ಪೂರ್ವಗ್ರಹದ ಪೂರ್ಣಸ್ವರೂಪವಿದೆ. ತಿರಸ್ಕಾರದ ನೋಟವು ತನ್ನ ಮೇಲೆ ಬಿದ್ದಾಗ ಮನುಷ್ಯನು ಆ ನೋಟವೇ ತಪ್ಪೆಂದು ಹೇಳುವುದು ವಿರಳ. ‘ಅದು ನಾನಲ್ಲ, ನನಗಿಂತ ಕೆಳಗಿನವನು’ ಎಂದು ಅದನ್ನು ಇನ್ನೊಬ್ಬನ ಕಡೆಗೆ ತಿರುಗಿಸುವುದೇ ಹೆಚ್ಚು. ಚಿತ್ರವು ನೋಯಿಸಿದುದು ಒಬ್ಬನನ್ನು, ಆ ನೋವನ್ನು ಕೊನೆಗೆ ಹೊತ್ತವನು ಇನ್ನೊಬ್ಬ.

೪

ವಿವರಣೆಯಿಂದ ಆರಂಭವಾದುದು ಬೇಗನೆ ಅಳತೆಗೆ ಬಂದು ನಿಂತಿತು. ೧೮೬೯ರಲ್ಲಿ ಇಂಗ್ಲೆಂಡಿನ ಲ್ಯಾಂಪ್ರೆ ಎಂಬವರು ಎರಡೆರಡು ಅಂಗುಲದ ಚೌಕಗಳಾಗುವಂತೆ ದಾರವನ್ನು ಕಟ್ಟಿದ ಚೌಕಟ್ಟಿನ ಮುಂದೆ ಮನುಷ್ಯನನ್ನು ನಿಲ್ಲಿಸಿ ಚಿತ್ರ ತೆಗೆಯುವ ವಿಧಾನವನ್ನು ಸೂಚಿಸಿದರು. ದೇಹದ ಪ್ರಮಾಣಗಳನ್ನು ಚೌಕ ಎಣಿಸಿ ಹೋಲಿಸಬಹುದೆಂಬುದು ಇದರ ಉದ್ದೇಶ. ೧೮೯೦ರ ದಶಕದಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿಯು ಅಂಡಮಾನಿನ ಜನರನ್ನು ಇಂಥ ಚೌಕಳಿಯ ಮುಂದೆ ನಿಲ್ಲಿಸಿ, ಎದುರಿನಿಂದಲೂ ಪಕ್ಕದಿಂದಲೂ ಚಿತ್ರಗಳನ್ನು ತೆಗೆದರು. ಬಂಗಾಳದ ಕುಲಗಳನ್ನು ಕುರಿತು ೧೮೯೧ರಲ್ಲಿ ಬರೆದ ರಿಸ್ಲಿಯವರು, ಮೂಗಿನ ಅಗಲವು ಹೆಚ್ಚಿದಂತೆ ಸಮಾಜದಲ್ಲಿ ಸ್ಥಾನವು ಇಳಿಯುತ್ತದೆಂಬ ಒಂದು ನಿಯಮವನ್ನೇ ಮುಂದಿಟ್ಟರು. ಮುಂದಿನ ಮಾನವಶಾಸ್ತ್ರವು ಈ ನಿಯಮವನ್ನು ತಳ್ಳಿಹಾಕಿದೆ. ಆದರೆ ಮುಖ ನೋಡಿ ಮಣೆ ಹಾಕುವ ಲೋಕರೂಢಿಗೆ ಒಂದು ಕಾಲದಲ್ಲಿ ಶಾಸ್ತ್ರದ ಮುದ್ರೆಯು ಬಿದ್ದಿತ್ತೆಂಬುದು ಮರೆಯತಕ್ಕ ವಿಷಯವಲ್ಲ.

ದಕ್ಷಿಣಕನ್ನಡವು ಆಗ ಮದ್ರಾಸು ಆಧಿಪತ್ಯಕ್ಕೆ ಸೇರಿತ್ತು. ಮದ್ರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ನರು ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳನ್ನು ೧೯೦೯ರಲ್ಲಿ ಪ್ರಕಟಿಸಿದರು. ನಮ್ಮ ಜಿಲ್ಲೆಯ ಬಂಟರು, ಬಿಲ್ಲವರು, ಮೊಗೇರರು, ಕೊರಗರು ಮೊದಲಾದವರ ವೃತ್ತಾಂತಗಳಿಗಾಗಿ ಇಂದಿಗೂ ವಿದ್ವಾಂಸರು ಮೊದಲು ತೆರೆಯುವುದು ಈ ಸಂಪುಟಗಳನ್ನೇ. ಸಂಗ್ರಹಿಸಿದ ಸಾಮಗ್ರಿಯ ದೃಷ್ಟಿಯಿಂದ ಇವುಗಳ ಉಪಕಾರವು ಸಾಮಾನ್ಯವಾದುದಲ್ಲ. ಆದರೆ ಇಲ್ಲಿಯ ಚಿತ್ರಗಳ ಅಡಿಬರಹಗಳನ್ನು ಗಮನಿಸಬೇಕು. ಬಹುತೇಕ ಅಲ್ಲಿರುವುದು ಕುಲದ ಹೆಸರು, ಇಲ್ಲವೆ ಕುಲದ ಹೆಸರಿನೊಡನೆ ಒಂದು ಕ್ರಿಯೆ. ಎಂದರೆ ದಂಡಿಯ ನಾಲ್ಕು ಬಗೆಗಳಲ್ಲಿ ಜಾತಿಯೂ ಕ್ರಿಯೆಯೂ ಉಂಟು, ದ್ರವ್ಯವು ಇಲ್ಲ. ಯಂತ್ರದ ಮುಂದೆ ನಿಂತವರಿಗೆ ತಾಯಿತಂದೆಗಳು ಇಟ್ಟ ಹೆಸರು ಇತ್ತು; ಅದನ್ನು ಕೇಳುವ ಅಗತ್ಯವು ಶಾಸ್ತ್ರಕ್ಕೆ ತೋರಲಿಲ್ಲ.

ಕೊರಗರ ವಿಷಯದಲ್ಲಿ ಇದರ ಫಲವು ಸ್ಪಷ್ಟವಾಗಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ವಾಲ್‌ಹೌಸ್ ಎಂಬ ಅಧಿಕಾರಿಯು ಇವರನ್ನು ಎಲೆಯುಡುವ ಜನರೆಂದು ಲಂಡನ್ನಿನ ವಿದ್ವತ್ಸಭೆಯ ಪತ್ರಿಕೆಯ ಮೂಲಕ ಪರಿಚಯಿಸಿದರು. ಥರ್ಸ್ಟನ್ನರ ಸಂಪುಟದಲ್ಲಿಯೂ ಅದೇ ವೃತ್ತಾಂತವು ಬಂದಿತು. ಆ ಮೇಲೆ ಪುಸ್ತಕದಿಂದ ಪುಸ್ತಕಕ್ಕೆ ‘ಎಲೆಯುಡುವವರು’ ಎಂಬುದೇ ಅವರ ಗುರುತಾಗಿ ನಡೆದು ಬಂದಿತು. ಬಿದಿರು ಬೀಳುಗಳಿಂದ ಬುಟ್ಟಿ ಹೆಣೆಯುವ ಕೌಶಲ, ಡೋಲು ಕೊಳಲುಗಳ ವಾದ್ಯವಿದ್ಯೆ, ಕೊರಗತನಿಯನನ್ನು ದೈವವಾಗಿ ನಾಡೇ ಕೈಮುಗಿಯುವ ಭಕ್ತಿ, ಇವೆಲ್ಲ ಆ ಒಂದು ಗುರುತಿನ ಹಿಂದೆ ಮರೆಯಾದುವು. ಇದರಲ್ಲಿ ಒಂದು ವಿಪರ್ಯಾಸವೂ ಉಂಟು. ಕೊರಗಜ್ಜನೆಂಬ ದೈವದ ಮುಂದೆ ತಲೆಬಾಗುವ ನಾಡಿನಲ್ಲಿಯೇ ಆ ಕುಲದ ಬದುಕಿರುವ ಮನುಷ್ಯರನ್ನು ಅವಮಾನಕ್ಕೆ ಗುರಿಮಾಡುವ ‘ಅಜಲು’ ಪದ್ಧತಿಯು ನಡೆಯುತ್ತಿದ್ದು, ಅದನ್ನು ನಿಷೇಧಿಸಲು ಕರ್ನಾಟಕವು ೨೦೦೦ದಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಬಿಂಬಕ್ಕೆ ಸಂದ ಗೌರವವು ವ್ಯಕ್ತಿಗೆ ಸಲ್ಲಲಿಲ್ಲ.

೫

ಇದೇ ಕಾಲದಿಂದ ಛಾಯಾಚಿತ್ರವು ಇನ್ನೊಂದು ದಾರಿಯಿಂದಲೂ ನಮ್ಮ ಮನೆಗಳನ್ನು ಹೊಕ್ಕಿತು. ಸುಳ್ಯ ಪುತ್ತೂರುಗಳ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ಗೋಡೆಯ ಮೇಲ್ಭಾಗದಲ್ಲಿ, ಮುಂದಕ್ಕೆ ತುಸು ಬಾಗಿಸಿ ತೂಗುಹಾಕಿದ ಹಿರಿಯರ ಭಾವಚಿತ್ರಗಳನ್ನು ವಾಚಕರು ನೋಡಿರಬಹುದು. ಯಜಮಾನನು ಕುರ್ಚಿಯಲ್ಲಿ ಕುಳಿತಿರುತ್ತಾನೆ. ಕೈಗಳು ಮೊಣಕಾಲಿನ ಮೇಲೆ, ದೃಷ್ಟಿಯು ನೇರ. ಪಕ್ಕದಲ್ಲಿ ಹೂವಿನ ಕುಂಡವೊಂದು, ಹಿಂದೆ ಬಣ್ಣ ಬಳಿದ ಪರದೆ. ಇದೂ ಒಂದು ಬಗೆಯ ವೇಷವೇ. ಪರದೆಯೂ ಕುಂಡವೂ ಸ್ಟುಡಿಯೋದವನದು, ಕೆಲವೊಮ್ಮೆ ಕೋಟೂ ಅವನದೇ. ಆದರೂ ವಸ್ತುಸಂಗ್ರಹಾಲಯದ ಚಿತ್ರಕ್ಕೂ ಇದಕ್ಕೂ ಇರುವ ಭೇದವು ಮೂಲಭೂತವಾದುದು. ಇಲ್ಲಿ ಚಿತ್ರ ತೆಗೆಯಿಸಿಕೊಂಡವನು ತಾನಾಗಿ ಹೋದವನು, ಹೇಗೆ ಕಾಣಬೇಕೆಂಬುದನ್ನು ಆರಿಸಿಕೊಂಡವನು, ಹಣವನ್ನು ಕೊಟ್ಟವನು, ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯನ್ನು ಮನೆಗೆ ಕೊಂಡುಹೋದವನು. ಒಂದು ಚಿತ್ರವು ಜಾತಿಯ ಮಾದರಿಯೋ ವ್ಯಕ್ತಿಯ ಭಾವಚಿತ್ರವೋ ಎಂದು ಪರೀಕ್ಷಿಸಲು ‘ಅದರ ಪ್ರತಿಯು ಯಾರ ಕೈ ಸೇರಿತು?’ ಎಂಬ ಪ್ರಶ್ನೆಗಿಂತ ಸರಳವಾದ ಒರೆಗಲ್ಲು ಇಲ್ಲ.

ಇದೇ ಒರೆಗಲ್ಲಿನಿಂದ ಚಾವಡಿಯ ಗೋಡೆಯನ್ನೂ ಪರೀಕ್ಷಿಸತಕ್ಕದ್ದು. ಆ ಮನೆಯ ಗದ್ದೆತೋಟಗಳನ್ನು ತಲೆಮಾರುಗಳಿಂದ ದುಡಿದ ಮೂಲದ ಆಳುಗಳ ಮುಖವು ಅಂಥ ಗೋಡೆಯ ಮೇಲೆ ಇರುವುದಿಲ್ಲ. ಅವರಿಗೆ ಸ್ಟುಡಿಯೋದ ಖರ್ಚು ಎಟುಕುವಂತಿರಲಿಲ್ಲ. ಚಾವಡಿಗೆ ಏರುವ ಹಕ್ಕೂ ಇರಲಿಲ್ಲ. ಅಂಥ ಅನೇಕ ಕುಟುಂಬಗಳಲ್ಲಿ ಹಿರಿಯರ ಮೊತ್ತಮೊದಲ ಚಿತ್ರವು ಸರಕಾರದ ಗುರುತಿನ ಚೀಟಿಗಾಗಿ ತೆಗೆದುದು. ೧೯೯೩ರಲ್ಲಿ ಮತದಾರರಿಗೆ ಭಾವಚಿತ್ರವುಳ್ಳ ಚೀಟಿಯನ್ನು ಕೊಡುವ ಏರ್ಪಾಡು ಆರಂಭವಾಯಿತು. ಮರಣಾನಂತರ ಆ ಹೆಬ್ಬೆರಳಿನಗಲದ ಮುಖವನ್ನೇ ದೊಡ್ಡದು ಮಾಡಿಸಿ ಹಾರ ಹಾಕುವುದನ್ನು ನಾವು ಕಾಣುತ್ತೇವೆ. ಆಡಳಿತದ ಉಪಯೋಗಕ್ಕೆಂದು ಎದುರಿನಿಂದ ನಿಲ್ಲಿಸಿ ತೆಗೆದ ಚಿತ್ರವು ಮನೆಯವರ ಕೈ ಸೇರಿದ ಕೂಡಲೆ ‘ನಮ್ಮಜ್ಜಿ’ಯಾಗಿ ಮಾರ್ಪಡುತ್ತದೆ. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿಲ್ಲ, ಸಂಬಂಧವು ಬದಲಾಗಿದೆ.

೬

ಸಾಹಿತ್ಯದಲ್ಲಿಯೂ ಇದೇ ಸಮಸ್ಯೆಯುಂಟೆಂಬುದನ್ನು ಅಧ್ಯಾಪಕರಾದ ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಪುತ್ತೂರನ್ನು ಬಹುಕಾಲ ತಮ್ಮ ನೆಲೆಯಾಗಿಸಿಕೊಂಡಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ಯು ೧೯೩೩ರಲ್ಲಿ ಪ್ರಕಟವಾಯಿತು. ಥರ್ಸ್ಟನ್ನರ ಸಂಪುಟಗಳು ಹೊರಬಂದು ಕಾಲು ಶತಮಾನವೂ ತುಂಬಿರಲಿಲ್ಲ. ಆ ಸಂಪುಟಗಳ ಮಾದರಿಯಲ್ಲಿ ಚೋಮನನ್ನು ವರ್ಣಿಸುವುದಾದರೆ ಅವನು ತುಳುನಾಡಿನ ದುಡಿಯುವ ಕುಲವೊಂದರ ಮಾದರಿ. ದುಡಿ ಬಾರಿಸುವುದು ಅವನ ಕ್ರಿಯೆ. ಕಳ್ಳಿನ ಚಟ ಅವನ ಗುಣ. ಕಾರಂತರು ಈ ಮೂರನ್ನೂ ಬಿಡಲಿಲ್ಲ. ಆದರೆ ಅಲ್ಲಿಗೆ ನಿಲ್ಲಲೂ ಇಲ್ಲ. ಸ್ವಂತವಾಗಿ ಬೇಸಾಯ ಮಾಡಬೇಕೆಂಬ ಒಂದು ಹಂಬಲವನ್ನು ಅವನಲ್ಲಿ ಕಂಡು, ಆ ಹಂಬಲದಿಂದಲೇ ಅವನನ್ನು ಉಳಿದೆಲ್ಲರಿಂದ ಬೇರೆಯಾದ ಒಬ್ಬನನ್ನಾಗಿ ಮಾಡಿದರು. ಚೋಮನು ಭೂಮಿಯನ್ನು ಕೇಳಿದಾಗ ಅಡ್ಡ ಬಂದುದು ಅವನ ಯೋಗ್ಯತೆಯ ವಿಚಾರವಲ್ಲ, ಅವನ ಕುಲದವರು ಸಾಗುವಳಿ ಮಾಡಿದುದಿಲ್ಲವೆಂಬ ರೂಢಿ. ಜಾತಿಯಲ್ಲಿ ನಿಂತ ನೋಟಕ್ಕೂ ದ್ರವ್ಯವನ್ನು ಮುಟ್ಟಿದ ನೋಟಕ್ಕೂ ನಡೆಯುವ ಹೋರಾಟವೇ ಆ ಕಾದಂಬರಿಯ ವಸ್ತುವೆಂದರೂ ತಪ್ಪಾಗದು. ೧೯೭೫ರಲ್ಲಿ ಬಿ. ವಿ. ಕಾರಂತರು ಅದನ್ನು ಚಲಚ್ಚಿತ್ರವಾಗಿಸಿದಾಗ ವಾಸುದೇವರಾಯರ ಮುಖವು ಚೋಮನ ಮುಖವಾಗಿ ಜನರ ಮನಸ್ಸಿನಲ್ಲಿ ನೆಲೆಗೊಂಡಿತು.

೭

ಅಳತೆಯ ಚಿತ್ರಗಳಿಗೆ ಛಾಯಾಚಿತ್ರದ ಒಳಗಿನಿಂದಲೇ ಉತ್ತರವು ಬಂದುದು ಬೆಂಗಳೂರಿನಲ್ಲಿ. ೧೯೫೬ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡೆಯಲ್ಲಿ ಶಿಲ್ಪಕಲೆಯನ್ನು ಅಭ್ಯಾಸ ಮಾಡಿದ ಎನ್. ಪುಷ್ಪಮಾಲಾ ಅವರು, ಅದೇ ನಗರದಲ್ಲಿ ನೆಲೆಸಿದ ಬ್ರಿಟಿಷ್ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಸಹಯೋಗದಿಂದ ೨೦೦೦ದಿಂದ ೨೦೦೪ರವರೆಗೆ ‘ದಕ್ಷಿಣ ಭಾರತದ ದೇಶೀಯ ಸ್ತ್ರೀಯರು: ಆಚಾರ ವ್ಯವಹಾರಗಳು’ ಎಂಬರ್ಥದ ಹೆಸರಿನ ಚಿತ್ರಮಾಲೆಯನ್ನು ರಚಿಸಿದರು. ಹೆಸರೇ ಹಳೆಯ ಕುಲವರ್ಣನಗ್ರಂಥಗಳ ಅನುಕರಣ. ಇಲ್ಲಿ ಪುಷ್ಪಮಾಲಾ ಅವರು ತಾವೇ ವೇಷ ಕಟ್ಟಿ ನಿಲ್ಲುತ್ತಾರೆ. ಒಂದರಲ್ಲಿ ರವಿವರ್ಮನ ಲಕ್ಷ್ಮಿ, ಒಂದರಲ್ಲಿ ಬಿಜಾಪುರದ ವರ್ಣಚಿತ್ರದ ಯೋಗಿನಿ, ಒಂದರಲ್ಲಿ ವೇಳಾಂಗಣ್ಣಿಯ ಮಾತೆ, ಒಂದರಲ್ಲಿ ಚೌಕಳಿಯ ಪರದೆಯ ಮುಂದೆ ಅಳತೆಗೆ ಒಳಗಾದ ತೋಡ ಸ್ತ್ರೀ. ಇನ್ನೊಂದರಲ್ಲಿ, ವೃತ್ತಪತ್ರಿಕೆಯಲ್ಲಿ ಬಂದ ಚಿತ್ರವನ್ನು ಅನುಸರಿಸಿ, ಪೊಲೀಸರು ಹಿಡಿದ ಅಪರಾಧಿಗಳು.

ದೇವತೆ, ಸುಂದರಿ, ಬುಡಕಟ್ಟಿನವಳು, ಕಳ್ಳಿ ಎಂಬ ಗುರುತುಗಳನ್ನೆಲ್ಲ ಒಂದೇ ಮುಖವು ಹೊತ್ತು ತೋರಿಸುವುದರಿಂದ, ಗುರುತು ಮುಖದೊಳಗೆ ಇಲ್ಲವೆಂಬುದು ನೋಡುವವನಿಗೆ ತಾನೇ ಹೊಳೆಯುತ್ತದೆ. ಅದಿರುವುದು ಪರದೆಯಲ್ಲಿ, ಉಡುಪಿನಲ್ಲಿ, ಅಳತೆಯ ಉಪಕರಣದಲ್ಲಿ, ಅಡಿಬರಹದಲ್ಲಿ. ಅಪರಾಧಿಯ ಚಿತ್ರಕ್ಕೆ ನಮ್ಮ ಚರಿತ್ರೆಯಲ್ಲಿ ವಿಶೇಷವಾದ ಅರ್ಥವುಂಟು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾನೂನು ಹುಟ್ಟಿನಿಂದಲೇ ಕೆಲವು ಕುಲಗಳನ್ನು ಕಳ್ಳರೆಂದು ಪರಿಗಣಿಸಿತು; ೧೯೧೧ರಲ್ಲಿ ಮದ್ರಾಸು ಆಧಿಪತ್ಯಕ್ಕೂ ಅದು ವ್ಯಾಪಿಸಿತು; ರದ್ದಾದುದು ೧೯೫೨ರಲ್ಲಿ. ಎಂಬತ್ತು ವರ್ಷಗಳ ಕಾಲ ಸಾವಿರಾರು ಮಕ್ಕಳು ಏನನ್ನೂ ಮಾಡುವ ಮೊದಲೇ ಅಡಿಬರಹದೊಡನೆ ಹುಟ್ಟುತ್ತಿದ್ದರು.

ಆದರೆ ಪುಷ್ಪಮಾಲಾ ಅವರ ಮಾರ್ಗಕ್ಕೆ ಒಂದು ಮಿತಿಯಿದೆ. ಅದು ಮಾದರಿಯ ಚಿತ್ರವು ಹೇಗೆ ಕಟ್ಟಲ್ಪಡುತ್ತದೆಂಬುದನ್ನು ಬಯಲುಮಾಡುತ್ತದೆ. ಮಾದರಿಯಾಗಿ ನಿಲ್ಲಿಸಲ್ಪಟ್ಟ ನಿಜವಾದ ಸ್ತ್ರೀಯು ಯಾರಾಗಿದ್ದಳೆಂಬುದನ್ನು ಹೇಳಲಾರದು. ಅದಕ್ಕೆ ಬೇರೆ ಬಗೆಯ ಚಿತ್ರವು ಬೇಕು.

೮

೨೦೧೬ರ ಜನವರಿ ೩೧ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನು ನಡೆಸುತ್ತಿದ್ದ ಕಾರು ಬಡಿದು ಮಹಿಳೆಯೊಬ್ಬರು ಮೃತರಾದರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳನ್ನು ಜನರ ಗುಂಪು ಎಳೆದು, ಹೊಡೆದು, ಅಪಮಾನಪಡಿಸಿ, ಕಾರಿಗೆ ಬೆಂಕಿಯಿಟ್ಟಿತು. ಅಪಘಾತಕ್ಕೂ ಅವಳಿಗೂ ಸಂಬಂಧವಿರಲಿಲ್ಲ. ಸುಡಾನಿಗೂ ಟಾಂಜಾನಿಯಾಕ್ಕೂ ಕೂಡಿದ ಗಡಿಯೇ ಇಲ್ಲ. ಇಷ್ಟಿದ್ದರೂ ಒಬ್ಬನ ತಪ್ಪಿಗೆ ಇನ್ನೊಬ್ಬಳು ಹೊಣೆಯಾದುದು ಮೈಬಣ್ಣವೊಂದರ ಮೂಲಕ. ಗಿಳಿಯ ತರ್ಕವು ಬೀದಿಗಿಳಿದರೆ ಏನಾಗುತ್ತದೆಂಬುದಕ್ಕೆ ಬೇರೆ ನಿದರ್ಶನವು ಬೇಡ.

ಈ ಘಟನೆಯಿಂದ ಕಳವಳಗೊಂಡ ಬೆಂಗಳೂರಿನ ಛಾಯಾಗ್ರಾಹಕ ಮಹೇಶ್ ಶಾಂತಾರಾಮ್ ಅವರು ಭಾರತದಲ್ಲಿ ನೆಲೆಸಿರುವ ಆಫ್ರಿಕದವರನ್ನು ಹುಡುಕಿಕೊಂಡು ಹೋಗಿ ಅವರ ಚಿತ್ರಗಳನ್ನು ತೆಗೆಯತೊಡಗಿದರು. ಬೆಂಗಳೂರಿನಿಂದ ಮೊದಲಾಗಿ ಜಯಪುರ, ದೆಹಲಿ, ನಮ್ಮ ಕರಾವಳಿಯ ಮಣಿಪಾಲಗಳಿಗೂ ಈ ಕಾರ್ಯವು ಹಬ್ಬಿತು. ‘ಆಫ್ರಿಕನ್ ಪೋರ್ಟ್ರೇಟ್ಸ್’ ಎಂಬ ಹೆಸರಿನಿಂದ ಇವು ೨೦೧೬ರಲ್ಲಿ ಪ್ರದರ್ಶಿತವಾದುವು. ಇಲ್ಲಿ ಚೌಕಳಿಯಿಲ್ಲ, ಬಣ್ಣದ ಪರದೆಯಿಲ್ಲ. ಹೆಚ್ಚಿನವರು ತಮ್ಮ ಬಾಡಿಗೆಯ ಕೋಣೆಯಲ್ಲಿ, ತಮ್ಮ ಹಾಸಿಗೆಯ ಅಂಚಿನಲ್ಲಿ, ತಮಗೆ ಪರಿಚಿತವಾದ ಮಂದ ಬೆಳಕಿನಲ್ಲಿ ಇರುತ್ತಾರೆ. ಛಾಯಾಗ್ರಾಹಕನು ಮೊದಲು ಅವರೊಡನೆ ಕುಳಿತು ಮಾತನಾಡಿದ್ದಾನೆಂಬುದು ಅವರ ಭಂಗಿಯಿಂದಲೇ ತಿಳಿಯುತ್ತದೆ. ಅಡಿಯಲ್ಲಿ ಹೆಸರುಂಟು. ನೋಡುವವನು ಮುಖದಿಂದ ಕೋಣೆಗೆ, ಕೋಣೆಯಿಂದ ಮತ್ತೆ ಮುಖಕ್ಕೆ ಬರುವಷ್ಟರಲ್ಲಿ ‘ಆಫ್ರಿಕದವನು’ ಎಂಬ ಪದವು ಸಡಿಲವಾಗಿ, ದೂರದ ಊರಿಗೆ ಓದಲು ಬಂದು ಒಂಟಿಯಾಗಿರುವ ಒಬ್ಬ ತರುಣನು ಕಾಣತೊಡಗುತ್ತಾನೆ. ಇದೇ ದ್ರವ್ಯವನ್ನು ಮುಟ್ಟುವ ನೋಟ.

ಈ ಚಿತ್ರಮಾಲೆಯೂ ಆಕ್ಷೇಪಕ್ಕೆ ಅತೀತವಲ್ಲ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡದ ಹೆಸರನ್ನೇ ಮಾಲೆಗೆ ಇಟ್ಟುದರಿಂದ, ಯಾವ ಸಾಮಾನ್ಯೀಕರಣವನ್ನು ಅದು ಅಳಿಸಬೇಕಾಗಿತ್ತೋ ಅದೇ ಬಾಗಿಲಿನ ಮೇಲೆ ಉಳಿದಂತಾಗಿದೆ. ಚಿತ್ರಕಾರನು ಎಷ್ಟೇ ಹತ್ತಿರ ಹೋದರೂ ಲೋಕದ ಗುರುತನ್ನು ಸಂಪೂರ್ಣವಾಗಿ ಹೊರಗಿಡಲಾರನೆಂಬುದಕ್ಕೆ ಇದು ಸಾಕ್ಷಿ. ಇನ್ನೂ ಒಂದು ಮಾತು ಕನ್ನಡಿಗರು ಆಲೋಚಿಸಬೇಕಾದುದು. ಉತ್ತರಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ಶತಮಾನಗಳಿಂದ ಸಿದ್ದಿ ಜನರು ಬಾಳುತ್ತಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಮಾರ್ಗವಾಗಿ ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರ ಸಂತತಿಯವರು ಇವರಲ್ಲಿ ಅನೇಕರು. ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲ್ಪಟ್ಟರು. ಅವರು ಕನ್ನಡ ಕೊಂಕಣಿಗಳನ್ನಾಡುತ್ತಾರೆ. ಮುಖವನ್ನು ಕಂಡು ಪರದೇಶದವನೆಂದು ನಿರ್ಣಯಿಸುವವನ ಮುಂದೆ ಸಿದ್ದಿಯೊಬ್ಬನು ಶುದ್ಧವಾದ ಕನ್ನಡದಲ್ಲಿ ಮಾತನಾಡಿದರೆ, ಸುಳ್ಳಾಗುವುದು ಆ ಮುಖವಲ್ಲ, ಆ ನಿರ್ಣಯ.

೯

ಇಷ್ಟನ್ನು ಕೇಳಿದ ಮೇಲೆ ಕೆಲವರು ಹೀಗೆ ಆಕ್ಷೇಪಿಸಬಹುದು: ಹಳೆಯ ಮಾದರಿಯ ಚಿತ್ರಗಳು ದೋಷಯುಕ್ತವಾಗಿದ್ದರೂ ನಮ್ಮಲ್ಲಿ ಅನೇಕ ಕುಲಗಳ ಪೂರ್ವಿಕರ ಮುಖವು ಉಳಿದಿರುವುದು ಅವುಗಳಲ್ಲಿ ಮಾತ್ರವಲ್ಲವೆ? ಅವನ್ನು ತಿರಸ್ಕರಿಸಿದರೆ ಆ ಮುಖಗಳನ್ನೂ ಕಳೆದುಕೊಂಡಂತೆ ಆಗದೆ? ಈ ಆಕ್ಷೇಪವು ಯುಕ್ತವಾದುದು. ಚೌಕಳಿಯ ಮುಂದೆ ನಿಂತವನ ಕಣ್ಣಿನಲ್ಲಿ ಬೇಸರವೋ ಬಿಗುಮಾನವೋ ನಗೆಯೋ, ಅಳೆಯುವವನ ಉದ್ದೇಶಕ್ಕೆ ಸಿಗದೆ ಉಳಿದುಬಂದಿರುತ್ತದೆ. ಗುರುತಿನ ಚೀಟಿಯ ಚಿತ್ರವು ಅಜ್ಜಿಯಾದಂತೆ ಈ ಚಿತ್ರಗಳೂ ಮುಂದೊಂದು ದಿನ ತಮ್ಮವರ ಕೈ ಸೇರಬಹುದು. ಹಾಗೆಯೇ, ಹತ್ತಿರದಿಂದ ತೆಗೆದುದೆಲ್ಲ ಆತ್ಮೀಯವಾಗುವುದಿಲ್ಲ. ಬಡವನ ಕೋಣೆಯನ್ನು ಹೊಕ್ಕು ಅವನ ಇಚ್ಛೆಯನ್ನು ಕೇಳದೆ ತೆಗೆದ ಸುಂದರವಾದ ಚಿತ್ರವು ಚೌಕಳಿಯ ಚಿತ್ರಕ್ಕಿಂತ ಹೆಚ್ಚಿನ ಅಪಹರಣವಾಗಬಹುದು. ಆದುದರಿಂದ ಹಳೆಯದು ತ್ಯಾಜ್ಯ, ಹೊಸದು ಗ್ರಾಹ್ಯ ಎಂಬುದು ತೀರ್ಮಾನವಲ್ಲ. ಹೆಸರು, ಒಪ್ಪಿಗೆ, ಸ್ಥಳ, ಪ್ರತಿ ಎಂಬ ನಾಲ್ಕನ್ನು ಪ್ರತಿ ಚಿತ್ರದ ವಿಷಯದಲ್ಲಿಯೂ ವಿಚಾರಿಸಬೇಕೆಂಬುದಷ್ಟೆ ತೀರ್ಮಾನ.

ಈ ವಿಚಾರಣೆಯು ವಿದ್ವಾಂಸರಿಗೂ ಅಧ್ಯಾಪಕರಿಗೂ ಹೊರಗಿನದಲ್ಲ. ಥರ್ಸ್ಟನ್ನರ ಸಂಪುಟಗಳ ಚಿತ್ರಗಳು ಇಂದು ಯಾರು ಬೇಕಾದರೂ ಮುದ್ರಿಸಬಹುದಾದವು. ಜನಪದಶಾಸ್ತ್ರದ ನಿಬಂಧಗಳಲ್ಲಿ, ಊರಿನ ಚರಿತ್ರೆಗಳಲ್ಲಿ, ಸಂಸ್ಮರಣ ಗ್ರಂಥಗಳಲ್ಲಿ ಅಂಥ ಚಿತ್ರಗಳನ್ನು ಹಳೆಯ ಅಡಿಬರಹದೊಡನೆ ಹಾಗೆಯೇ ಎತ್ತಿಕೊಳ್ಳುವುದು ಸುಲಭ. ‘ಕೊರಗ ಸ್ತ್ರೀ’ ಎಂದು ಎರಡೇ ಮಾತುಗಳನ್ನು ಅಚ್ಚುಮಾಡಿದಾಗ, ೧೯೦೯ರ ಒಬ್ಬ ಅಧಿಕಾರಿಯ ನೋಟವು ಕಾಲಾತೀತವಾದ ಸತ್ಯವಾಗಿ ಓದುಗನ ಮನಸ್ಸನ್ನು ಹೊಗುತ್ತದೆ. ಅದರ ಬದಲು, ಚಿತ್ರವನ್ನು ತೆಗೆದವರು ಯಾರು, ಯಾವ ವರ್ಷ, ಯಾವ ಉದ್ದೇಶಕ್ಕಾಗಿ, ಚಿತ್ರದಲ್ಲಿರುವವರ ಹೆಸರು ದಾಖಲೆಯಾಗಿದೆಯೋ ಇಲ್ಲವೋ ಎಂಬ ನಾಲ್ಕು ವಿಷಯಗಳನ್ನು ಬರೆಯುವುದಕ್ಕೆ ಒಂದು ಪಂಕ್ತಿಯ ಸ್ಥಳ ಸಾಕು. ಹೆಸರು ದಾಖಲೆಯಾಗಿಲ್ಲವೆಂದು ಬರೆದರೂ ಅಲ್ಲಿ ಹೆಸರುಳ್ಳ ಒಬ್ಬ ಮನುಷ್ಯನಿದ್ದನೆಂಬ ಅರಿವು ಉಂಟಾಗುತ್ತದೆ.

ಬೆಳ್ಳಾರೆಯಂಥ ಊರಿನ ಶಾಲೆಯಲ್ಲಿ ಇಂದು ಒಂದೇ ಹಲಗೆಯ ಮೇಲೆ ಬಂಟರ, ಗೌಡರ, ಬ್ಯಾರಿಗಳ, ಮೊಗೇರರ, ಕೊರಗರ ಮಕ್ಕಳು ಕುಳಿತು ಓದುತ್ತಾರೆ. ಅಧ್ಯಾಪಕನು ತೆರೆದ ಪುಟದಲ್ಲಿ ಅವರಲ್ಲೊಬ್ಬಳ ಮುತ್ತಜ್ಜಿಯ ಕುಲದ ಚಿತ್ರವಿರಬಹುದು. ಆ ಹುಡುಗಿಯು ಲಂಡನ್ನಿನ ಆ ತರುಣನಂತೆ ನಾಚಿ, ತಾನು ಅವರವಳಲ್ಲವೆಂದು ಹೇಳುವಂತಾಗಬೇಕೋ, ಚಿತ್ರದ ಕಡೆಗೆ ಬೆರಳು ತೋರಿಸಿ ಇವಳ ಹೆಸರೇನೆಂದು ಕೇಳುವಂತಾಗಬೇಕೋ ಎಂಬುದು ಬಹುಮಟ್ಟಿಗೆ ಪುಟದ ಅಡಿಯಲ್ಲಿ ನಾವು ಬರೆಯುವ ಆ ಒಂದು ಪಂಕ್ತಿಯನ್ನು ಅವಲಂಬಿಸಿದೆ.